ಮರೀ ಕ್ಲೋದ್ ಯಾರ ಮಗಳು?

ಮಾಂಟ್ರಿಯಲ್‌ನಿಂದ ಕ್ವಿಬೆಕ್ ನಗರಕ್ಕೆ ಹೋಗುವವರು ಸಾಮಾನ್ಯವಾಗಿ ಹೆದ್ದಾರಿ ಹಿಡಿಯುತ್ತಾರೆ. ನಮ್ಮ ಬೀಗತಿ ಮಾತ್ರ ಹಳೆಯ ದಾರಿಯಲ್ಲೇ ಹೋಗೋಣ ಎಂದರು. ಸೇಂಟ್ ಲಾರೆನ್ಸ್ ನದಿಯ ಉತ್ತರ ದಂಡೆಗುಂಟ ಸಾಗುವ ಆ ರಸ್ತೆಗೆ ಇಂದಿಗೂ ‘ಅರಸನ ದಾರಿ’ ಎಂದೇ ಹೆಸರು. 1737ರಲ್ಲಿ ಅದು ಪೂರ್ತಿಯಾಗುವ ತನಕ ಈ ಸೀಮೆಯ ಜನ ಬೇಸಿಗೆಯಲ್ಲಿ ದೋಣಿಯ ಮೇಲೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಓಡಾಡುತ್ತಿದ್ದರು. ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಮೇಪಲ್ ಮರಗಳ ತುದಿ ಆಗಷ್ಟೇ ಕೆಂಪೇರುತ್ತಿತ್ತು. ರಸ್ತೆಯ ಎರಡೂ ಬದಿಗೆ ಗೋವಿನಜೋಳದ ಹೊಲಗಳು. ಬಲಕ್ಕೆ, ಹೊಲಗಳ ಆಚೆ, ಸಮುದ್ರವೋ ಎನ್ನುವಷ್ಟು ಅಗಲವಾದ ನದಿ.

ಬೀಗತಿ ಎಂದರೆ ನನ್ನ ಮಗಳ ಅತ್ತೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಮನೆಮಾತು ಫ್ರೆಂಚ್, ನನ್ನದು ಕನ್ನಡ. ನಡುವೆ ಇಬ್ಬರಿಗೂ ಅಷ್ಟೇನೂ ಸಲೀಸಲ್ಲದ ಇಂಗ್ಲಿಷ್. ನಿವೃತ್ತಿಯ ಮೇಲೆ ಅವರು ಹಚ್ಚಿಕೊಂಡ ಕೆಲಸವೆಂದರೆ ತಮ್ಮ ಮನೆತನದ ಬೇರು ಹುಡುಕುವುದು. ಕಾರಿನ ಹಿಂದಿನ ಸೀಟಿನಲ್ಲಿ ಅವರ ದಪ್ಪ ಕಡತವಿತ್ತು. ಅದರ ಮೊದಲ ಹಾಳೆಯ ತುತ್ತತುದಿಯಲ್ಲಿ ಒಬ್ಬ ಹೆಂಗಸಿನ ಹೆಸರು: ಮರೀ ಕ್ಲೋದ್ ಶಾಮ್ವಾ. ಪ್ಯಾರಿಸ್‌ನಲ್ಲಿ ಹುಟ್ಟಿದವಳು. 1670ರಲ್ಲಿ ಹಡಗು ಹತ್ತಿ ಕೆನಡಾಕ್ಕೆ ಬಂದವಳು. ಆಗ ಅವಳಿಗೆ ಹದಿನಾಲ್ಕರ ಆಸುಪಾಸು. ಅವಳಿಂದ ಬೀಗತಿಯ ತನಕ ಹತ್ತು ಹನ್ನೊಂದು ತಲೆಮಾರು. ಅಲ್ಲಿಂದ ಕೆಳಗೆ ನನ್ನ ಅಳಿಯ, ಅವನ ಕೆಳಗೆ ನನ್ನ ಮೊಮ್ಮಗಳು. ಮರೀ ಕ್ಲೋದ್ ನಮ್ಮ ಕೂಸಿನ ಮುತ್ತಜ್ಜಿ ಎಂದಾದ ಮೇಲೆ ನನಗೂ ದೂರದವಳಲ್ಲ ಎನ್ನಿಸಿತು. ಅದಕ್ಕೇ ನಾನೂ ಹೊರಟಿದ್ದೆ.

ಮರೀ ಕ್ಲೋದ್ ಒಬ್ಬಳೇ ಬಂದವಳಲ್ಲ. 1663ರಿಂದ 1673ರ ವರೆಗೆ, ಹನ್ನೊಂದು ಹಡಗುಗಾಲಗಳಲ್ಲಿ, ಫ್ರಾನ್ಸಿನ ಅರಸ ಹದಿನಾಲ್ಕನೆಯ ಲೂಯಿ ಸರ್ಕಾರದ ಖರ್ಚಿನಲ್ಲಿ ಮದುವೆಯ ವಯಸ್ಸಿನ ಹೆಣ್ಣುಮಕ್ಕಳನ್ನು ಈ ವಸಾಹತಿಗೆ ಕಳಿಸಿದ. ಇತಿಹಾಸಕಾರ ಈವ್ ಲಾಂಡ್ರಿ ಒಬ್ಬೊಬ್ಬರನ್ನೇ ಎಣಿಸಿ 770 ಮಂದಿ ಎಂದು ಲೆಕ್ಕ ಕೊಟ್ಟಿದ್ದಾರೆ. ಇವರನ್ನು ಇಲ್ಲಿಯ ಜನ ‘ಅರಸನ ಹೆಣ್ಣುಮಕ್ಕಳು’ ಎಂದು ಕರೆಯುತ್ತಾರೆ. ಕಳಿಸಿದ ಕಾರಣ ಲೆಕ್ಕದ ಪುಸ್ತಕದಲ್ಲೇ ಇದೆ. ವಸಾಹತಿನ ಆಡಳಿತಗಾರ ಜಾನ್ ತಾಲೋನ್ 1666ರಲ್ಲಿ ಜನಗಣತಿ ಮಾಡಿಸಿದಾಗ ಸಿಕ್ಕಿದವರು 3,215 ಮಂದಿ. ಅವರಲ್ಲಿ 2,034 ಗಂಡಸರು, 1,181 ಹೆಂಗಸರು. ಅದರ ಹಿಂದಿನ ವರ್ಷವಷ್ಟೇ ಕಾರಿಞ್ಞಾನ್-ಸಾಲಿಯೇರ್ ಎಂಬ ದಂಡಿನ ಸುಮಾರು 1,200 ಸಿಪಾಯಿಗಳು ಬಂದಿಳಿದಿದ್ದರು. ಅವರಲ್ಲಿ 400ರಷ್ಟು ಮಂದಿ ಇಲ್ಲೇ ನೆಲೆಸಿದರು. ದಕ್ಷಿಣದಲ್ಲಿ ಇಂಗ್ಲಿಷರ ವಸಾಹತುಗಳು ಜನರಿಂದ ತುಂಬಿ ತುಳುಕುತ್ತಿದ್ದವು. ನೆಲವನ್ನು ಹಿಡಿದಿಡಬೇಕಾದರೆ ಸಂಸಾರಗಳು ಬೇಕು, ಸಂಸಾರಕ್ಕೆ ಹೆಣ್ಣು ಬೇಕು ಎಂದು ಅರಸನ ಮಂತ್ರಿ ಕೊಲ್ಬೇರ್ ತೀರ್ಮಾನಿಸಿದ.

ಈ ಕೊಲ್ಬೇರ್ ನಮಗೆ ಅಪರಿಚಿತನಲ್ಲ. 1664ರಲ್ಲಿ ಅವನು ಎರಡು ಕಂಪನಿಗಳನ್ನು ಕಟ್ಟಿದ. ಪಶ್ಚಿಮದ ಕಂಪನಿಯ ಕೈಗೆ ಕೆನಡಾ ಬಂತು. ಪೂರ್ವದ ಕಂಪನಿ 1668ರಲ್ಲಿ ಸೂರತ್ತಿನಲ್ಲಿ ಕೋಠಿ ತೆರೆದು, ಮುಂದೆ ಪಾಂಡಿಚೇರಿಯಲ್ಲಿ ಬೇರೂರಿತು. ಮರೀ ಕ್ಲೋದ್‌ಳನ್ನು ಹಡಗು ಹತ್ತಿಸಿದ ಕೈ ಮತ್ತು ನಮ್ಮ ಕರಾವಳಿಯತ್ತ ಹಡಗು ತಿರುಗಿಸಿದ ಕೈ ಒಂದೇ. ಅವಳು ಇಲ್ಲಿ ಸಂಸಾರ ಹೂಡುತ್ತಿದ್ದ ಹೊತ್ತಿನಲ್ಲೇ ನಮ್ಮ ಕೆಳದಿಯಲ್ಲಿ ಚೆನ್ನಮ್ಮ ಪಟ್ಟಕ್ಕೆ ಬಂದದ್ದು. ಇದನ್ನು ಹೇಳಿದಾಗ ಬೀಗತಿ ಕಾರಿನ ವೇಗ ಇಳಿಸಿ, “ಅಂದರೆ ನಿಮ್ಮಲ್ಲಿ ಒಬ್ಬ ಹೆಂಗಸು ರಾಜ್ಯ ಆಳುತ್ತಿದ್ದಳು!” ಎಂದರು. ಹೌದು ಎಂದೆ.

ಈ ದಾರಿಗೆ ಬರುವ ಮುಂಚೆ ಮಾಂಟ್ರಿಯಲ್‌ನಲ್ಲಿ ನಾವು ಸೇಂಟ್ ಗೇಬ್ರಿಯಲ್ ಮನೆಯನ್ನು ನೋಡಿದ್ದೆವು. ಮಾರ್ಗರೀತ್ ಬೂರ್ಜ್ವಾ ಎಂಬ ಸನ್ಯಾಸಿನಿ 1668ರಲ್ಲಿ ಕೊಂಡ ಹೊಲಮನೆ ಅದು. ಹಡಗಿನಿಂದ ಇಳಿದು ಮಾಂಟ್ರಿಯಲ್ ತಲುಪಿದ ಹುಡುಗಿಯರನ್ನು ಆಕೆ ಅಲ್ಲಿ ಇಟ್ಟುಕೊಂಡು, ರೊಟ್ಟಿ ಸುಡುವುದು, ಹೊಲಿಯುವುದು, ಚಳಿಗಾಲಕ್ಕೆ ದಿನಸಿ ಕೂಡಿಡುವುದು ಮೊದಲಾದ ಮನೆವಾರ್ತೆಯನ್ನು ಕಲಿಸುತ್ತಿದ್ದಳು. ಈಗ ನಿಂತಿರುವ ಕಲ್ಲಿನ ಕಟ್ಟಡ, ಮೊದಲಿನದು ಬೆಂಕಿಗೆ ಆಹುತಿಯಾದ ಮೇಲೆ 1698ರಲ್ಲಿ ಎದ್ದದ್ದು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕರಿಕಲ್ಲಿನ ತೊಟ್ಟಿಯಿದೆ. ಅದರ ಅಂಚು ಕೈ ತಾಗಿ ತಾಗಿ ನುಣುಪಾಗಿದೆ.

ಪ್ರತಿ ಹುಡುಗಿಗೂ ಅರಸನ ಕಡೆಯಿಂದ ಒಂದು ಚಿಕ್ಕ ಮರದ ಪೆಟ್ಟಿಗೆ ಸಲ್ಲುತ್ತಿತ್ತು. ಅದರಲ್ಲಿ ಏನೇನಿರಬೇಕೆಂಬ ಪಟ್ಟಿ ಇಂದಿಗೂ ಉಳಿದಿದೆ: ತಲೆಗೆ ಒಂದು ಕುಲಾವಿ, ಒಂದು ಕರವಸ್ತ್ರ, ಒಂದು ಜೊತೆ ಕಾಲುಚೀಲ, ಒಂದು ಜೊತೆ ಕೈಗವಸು, ಬೂಟಿಗೆ ಕಟ್ಟುವ ಪಟ್ಟಿ, ಬಾಚಣಿಗೆ, ಬಿಳಿ ನೂಲು, ಕತ್ತರಿ, ಎರಡು ಚಾಕು, ನೂರು ಸೂಜಿ, ಸಾವಿರ ಗುಂಡುಸೂಜಿ, ಎರಡು ಲೀವ್ರ್ ನಗದು. ಪಟ್ಟಿಯನ್ನು ಓದುತ್ತ ಓದುತ್ತ ನನ್ನ ಮನಸ್ಸು ಆ ನೂರು ಸೂಜಿಯ ಹತ್ತಿರ ನಿಂತುಬಿಟ್ಟಿತು. ಒಬ್ಬಳಿಗೆ ನೂರು ಸೂಜಿ ಏಕೆ? ಮುರಿದರೆ ಇನ್ನೊಂದು ಕೊಳ್ಳಲು ಅಂಗಡಿಯಿಲ್ಲದ ಊರಿಗೆ ಅವಳನ್ನು ಕಳಿಸುತ್ತಿದ್ದರು. ಜೀವಮಾನವಿಡೀ ಹೊಲಿಯುವ ಬಟ್ಟೆ, ಹುಟ್ಟಲಿರುವ ಮಕ್ಕಳ ಅಂಗಿ, ಗಂಡನ ಹರಕು ಕೋಟು, ಎಲ್ಲಕ್ಕೂ ಆ ಸೂಜಿಗಳೇ ಗತಿ. ಕಳಿಸಿದವರು ಅವಳ ಬದುಕನ್ನು ಮೊದಲೇ ಲೆಕ್ಕ ಹಾಕಿಬಿಟ್ಟಿದ್ದರು.

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಹಡಗು ಬಂದ ಹದಿನೈದು ದಿನದೊಳಗೆ ಮದುವೆಯಾಗದ ಬ್ರಹ್ಮಚಾರಿಗಳಿಗೆ ಬೇಟೆಗೆ, ತುಪ್ಪಳದ ವ್ಯಾಪಾರಕ್ಕೆ ಕಾಡು ಹೊಗುವ ಹಕ್ಕು ಇಲ್ಲವೆಂದು ತಾಲೋನ್ ಕಟ್ಟಳೆ ಮಾಡಿದ. ಹತ್ತು ಮಕ್ಕಳಿದ್ದ ಮನೆಗೆ ವರ್ಷಕ್ಕೆ 300 ಲೀವ್ರ್, ಹನ್ನೆರಡಾದರೆ 400 ಲೀವ್ರ್ ವರ್ಷಾಶನ ಎಂದು ಅರಸ ಘೋಷಿಸಿದ. ಬಂದ ಹುಡುಗಿಯರಲ್ಲಿ ಹೆಚ್ಚಿನವರು ಕೆಲವೇ ತಿಂಗಳಲ್ಲಿ ಮದುವೆಯಾದರು. ಆದರೂ ಅವರಿಗೆ ಆಯ್ಕೆಯೇ ಇರಲಿಲ್ಲ ಎನ್ನಲಾಗದು. ಗಂಡಿಗೆ ಮನೆ ಇದೆಯೇ, ಹೊಲ ಕಡಿದು ಹಸನು ಮಾಡಿದ್ದಾನೆಯೇ ಎಂದು ವಿಚಾರಿಸಿ ಒಪ್ಪುತ್ತಿದ್ದರು. ನೋಟರಿಯ ಮುಂದೆ ಬರೆಸಿದ ಮದುವೆ ಒಪ್ಪಂದವನ್ನು ರದ್ದು ಮಾಡಿಸಿ ಬೇರೆಯವನನ್ನು ಆರಿಸಿಕೊಂಡವರೂ ಇದ್ದಾರೆ. ಅದರ ಕಾಗದಗಳು ಪತ್ರಾಗಾರಗಳಲ್ಲಿವೆ.

ಇವರ ಮೇಲೆ ಕೆಸರೆರಚಿದವರೂ ಉಂಟು. ಲಾಹೊಂತಾನ್ ಎಂಬ ಬ್ಯಾರನ್ 1703ರಲ್ಲಿ ಅಚ್ಚಾದ ತನ್ನ ಪ್ರವಾಸ ಪುಸ್ತಕದಲ್ಲಿ ಇವರೆಲ್ಲ ನಡತೆಗೆಟ್ಟವರು ಎಂಬಂತೆ ಬರೆದ. ಆ ಮಾತು ಇನ್ನೂರೈವತ್ತು ವರ್ಷ ಬಾಯಿಂದ ಬಾಯಿಗೆ ಸಾಗಿತು. ಅವನು ಕೆನಡಾಕ್ಕೆ ಬಂದದ್ದು 1683ರಲ್ಲಿ, ಕೊನೆಯ ಹುಡುಗಿ ಬಂದಿಳಿದು ಹತ್ತು ವರ್ಷವಾದ ಮೇಲೆ. ಬಂದಿಳಿದದ್ದನ್ನು ಕಣ್ಣಾರೆ ಕಾಣದ ಹೆಣ್ಣುಗಳ ಬಗ್ಗೆ ಗಂಡಸೊಬ್ಬ ಆಡಿದ ಹಗುರ ಮಾತನ್ನು ಅಳಿಸಲು ಇಪ್ಪತ್ತನೆಯ ಶತಮಾನದ ಇತಿಹಾಸಕಾರರು ಚರ್ಚಿನ ದಾಖಲೆಗಳನ್ನು ಒಂದೊಂದಾಗಿ ಓದಬೇಕಾಯಿತು. ಅವುಗಳಲ್ಲಿ ಅವರಿಗೆ ಕಂಡದ್ದು ಬಡವರ ಮನೆಯ, ಅರ್ಧಕ್ಕಿಂತ ಹೆಚ್ಚು ಮಂದಿ ತಂದೆಯನ್ನು ಕಳೆದುಕೊಂಡ, ದುಡಿದು ಸಂಸಾರ ಕಟ್ಟಿದ ಹೆಣ್ಣುಮಕ್ಕಳು.

ಬಾತಿಸ್ಕಾನ್ ತಲುಪಿದಾಗ ಮಧ್ಯಾಹ್ನವಾಗಿತ್ತು. ಮರೀ ಕ್ಲೋದ್ ಬಾಳ್ವೆ ಮಾಡಿದ ಊರು ಇದು. ಅದೇ ಹೆಸರಿನ ಹೊಳೆ ಇಲ್ಲಿ ಸೇಂಟ್ ಲಾರೆನ್ಸ್ ಸೇರುತ್ತದೆ. 1639ರಲ್ಲಿ ಜೆಸುಯಿಟ್ ಪಾದ್ರಿಗಳಿಗೆ ಜಹಗೀರಾಗಿ ಸಿಕ್ಕ ಸೀಮೆ ಅದು. ಅವರು ರೈತರಿಗೆ ತುಂಡು ಮಾಡಿ ಕೊಟ್ಟರು. ತುಂಡುಗಳ ಆಕಾರ ಇಂದಿಗೂ ಬದಲಾಗಿಲ್ಲ. ನದಿಯ ಕಡೆಗೆ ಕಿರಿದಾದ ಮುಖ, ಹಿಂದಕ್ಕೆ ಕಾಡಿನ ತನಕ ಉದ್ದಕ್ಕೆ ಚಾಚಿದ ಪಟ್ಟಿ. ನದಿಯೇ ರಸ್ತೆಯಾಗಿದ್ದ ಕಾಲದಲ್ಲಿ ಪ್ರತಿ ಮನೆಗೂ ನೀರಿನ ಬಾಗಿಲು ಬೇಕಿತ್ತು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಎಲ್ಲರಿಗೂ ಕಾಲುವೆ ನೀರು ಸಿಗಲೆಂದು ಹೊಲವನ್ನು ಉದ್ದುದ್ದ ಸೀಳುವಂತೆ ಇದು.

ಊರಿನ ಹಳೆಯ ಪಾದ್ರಿಮನೆ ಈಗ ವಸ್ತುಸಂಗ್ರಹಾಲಯ. 1816ರ ಕಲ್ಲುಗೋಡೆ, ಇಳಿಜಾರಾದ ಕೆಂಪು ಸೂರು, ಸುತ್ತ ದೊಡ್ಡ ಮರಗಳು. ಬೀಗತಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನೇರ ನದಿಯ ದಡಕ್ಕೆ ನಡೆದರು. ಗಾಳಿ ಜೋರಾಗಿತ್ತು; ಕಡತದ ಹಾಳೆಗಳನ್ನು ಎದೆಗೆ ಅವಚಿಕೊಂಡು ನಿಂತರು. “ಪ್ಯಾರಿಸ್ ಬೀದಿಯಲ್ಲಿ ಬೆಳೆದ ಹುಡುಗಿ. ಮೊದಲ ಜನವರಿಯಲ್ಲಿ ಇಲ್ಲಿ ಏನು ಮಾಡಿದಳೋ” ಎಂದರು. ನಾನು ಉತ್ತರ ಹೇಳಲಿಲ್ಲ. ಈ ದೇಶದ ಜನವರಿಯನ್ನು ನಾನೂ ಕಂಡಿದ್ದೇನೆ. ಆಗ ಹೊಳೆಗಳ ಮೇಲೆ ಲಾರಿ ಹೋಗುವಷ್ಟು ಮಂಜುಗಡ್ಡೆ. ಪಕ್ಕದ ಸೇಂಟ್ ಆನ್ ದ ಲಾ ಪೆರಾದ್ ಊರಿನವರು ತಮ್ಮ ಹೊಳೆಯ ಗಡ್ಡೆಯ ಮೇಲೆ ನೂರಾರು ಬಣ್ಣದ ಗುಡಿಸಲು ಹಾಕಿ, ತೂತು ಕೊರೆದು ಸಣ್ಣ ಮೀನು ಹಿಡಿಯುತ್ತಾರೆ. ಇಂದಿನವರಿಗೆ ಅದು ಹಬ್ಬ. ಅಂದಿನವರಿಗೆ ಚಳಿಗಾಲ ಕಳೆಯುವುದೇ ಒಂದು ಯುದ್ಧವಾಗಿತ್ತು.

ಪ್ಯಾರಿಸ್‌ನಿಂದ ಬರುವ ಹುಡುಗಿಯರು ಹೊಲದ ಕೆಲಸಕ್ಕೆ ಆಗಿಬರುವುದಿಲ್ಲ, ಮುಂದೆ ಹಳ್ಳಿಯ ಹೆಣ್ಣುಗಳನ್ನೇ ಕಳಿಸಿರಿ ಎಂದು ಕ್ವಿಬೆಕ್‌ನ ಸನ್ಯಾಸಿನಿ ಮರೀ ದ ಲೆಂಕಾರ್ನಾಸ್ಯೋನ್ ಪತ್ರದಲ್ಲಿ ಬರೆದಿದ್ದಳು. ಮರೀ ಕ್ಲೋದ್ ಅಂಥ ಪ್ಯಾರಿಸ್ ಹುಡುಗಿಯೇ. ಅವಳ ತಂದೆ ಅರಸನ ಸೇವೆಯಲ್ಲಿ ಲಾಂಛನಗಳ ಅಧಿಕಾರಿಯಾಗಿದ್ದವ. ಹದಿಮೂರರ ಆಸುಪಾಸಿನಲ್ಲಿ ಅವಳು ತಾಯಿಯ ಮನೆ ಬಿಟ್ಟು ಹೊರಬಿದ್ದಳು, ಸಾಲ್ಪೆತ್ರಿಯೇರ್ ಎಂಬ ಅನಾಥಾಲಯ ಸೇರಿದಳು, ಅಲ್ಲಿಂದ ಹಡಗಿಗೆ. ಬಾತಿಸ್ಕಾನ್‌ನಲ್ಲಿ ಫ್ರಾನ್ಸ್ವಾ ಫ್ರಿಗೋನ್ ಎಂಬ ರೈತನನ್ನು ಮದುವೆಯಾದಳು. ಮಕ್ಕಳಾದರು. ಇಂದು ಕೆನಡಾದಲ್ಲಿ, ಅಮೆರಿಕದಲ್ಲಿ ಫ್ರಿಗೋನ್ ಎಂಬ ಮನೆಹೆಸರಿನವರು ಈ ದಂಪತಿಯ ಸಂತಾನ.

ಕತೆ ಇಲ್ಲಿಗೆ ನಿಂತಿದ್ದರೆ ಅವಳು 770ರಲ್ಲಿ ಒಬ್ಬಳಾಗಿ ಉಳಿಯುತ್ತಿದ್ದಳು. ಆದರೆ 1680ರ ದಶಕದ ನಡುವಿನಲ್ಲಿ ಅವಳು ಮತ್ತೆ ಹಡಗು ಹತ್ತಿ ಫ್ರಾನ್ಸಿಗೆ ಹೊರಟಳು. ತಂದೆ ತೀರಿಕೊಂಡಿದ್ದ. ಅವನ ಆಸ್ತಿಯಲ್ಲಿ ತನ್ನ ಪಾಲು ಕೇಳಲು ಹೋದವಳು ತಾಯಿಯ ಮನೆ ಬಾಗಿಲಲ್ಲಿ ನಿಂತಳು. ತಾಯಿ ಜಾಕ್ಲೀನ್ ಜಿರಾರ್, ಇವಳು ನನ್ನ ಮಗಳೇ ಅಲ್ಲ ಎಂದುಬಿಟ್ಟಳು.

ಆ ಘಳಿಗೆಯನ್ನು ಯೋಚಿಸಿ ನೋಡಿ. ಹದಿನೈದು ವರ್ಷದ ಹಿಂದೆ ಹುಡುಗಿಯಾಗಿ ಹೋದವಳು ಮಕ್ಕಳ ತಾಯಿಯಾಗಿ, ಕಡಲು ದಾಟಿ ಬಂದಿದ್ದಾಳೆ. ಹೆತ್ತವಳೇ ಒಲ್ಲೆನೆಂದರೆ ತಾನು ಯಾರೆಂದು ಹೇಳಲು ಅವಳ ಬಳಿ ಉಳಿದದ್ದೇನು? ಕಾಗದ ಮತ್ತು ಸಾಕ್ಷಿ, ಎರಡೇ. ಅವಳು ನ್ಯಾಯಾಲಯಕ್ಕೆ ಹೋದಳು. ಮೊಕದ್ದಮೆ ಕಡೆಗೆ ಪ್ಯಾರಿಸ್‌ನ ಪಾರ್ಲೆಮಾಂಗೆ, ಅಂದಿನ ಅಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಬಂತು. ಅರಸನ ಪರವಾಗಿ ಅಭಿಪ್ರಾಯ ಮಂಡಿಸಿದವರು ಇನ್ನೂ ಮೂವತ್ತು ತುಂಬದ ವಕೀಲ ದಾಗೆಸ್ಸೋ. ಮುಂದೆ ಅವರು ಫ್ರಾನ್ಸಿನ ಚಾನ್ಸಲರ್ ಆದರು. ಮರೀ ಕ್ಲೋದ್ ಹೇಳುತ್ತಿರುವುದು ನಿಜ ಎಂದು ಅವರು ವಾದಿಸಿದರು. 1693ರಲ್ಲಿ ತೀರ್ಪು ಅವಳ ಪರವಾಗಿ ಬಂತು. ಅವಳು ಜಾಕ್ಲೀನ್ ಜಿರಾರಳ ಮಗಳೆಂದು ನ್ಯಾಯಾಲಯ ಒಪ್ಪಿತು. ದಾಗೆಸ್ಸೋ ಅವರ ಆ ವಾದ ಅವರ ಸಮಗ್ರ ಕೃತಿಗಳಲ್ಲಿ ಅಚ್ಚಾಗಿದೆ. ಕಾನೂನು ಓದುವವರು ತಲೆಮಾರುಗಳ ಕಾಲ ಅದನ್ನು ಓದಿದ್ದಾರೆ.

ಇದನ್ನೆಲ್ಲ ಬೀಗತಿ ನನಗೆ ಹೇಳಿದ್ದು ಊಟದ ಮನೆಯೊಂದರಲ್ಲಿ, ಬಟಾಣಿ ಸೂಪಿನ ಬಟ್ಟಲು ಆರುತ್ತಿದ್ದಾಗ. ತೀರ್ಪಿನ ಮಾತು ಬಂದಾಗ ಅವರ ಕಣ್ಣು ತುಂಬಿತು. “ತಾಯಿಗಾಗಿ ಅಳಬೇಕೋ ಮಗಳಿಗಾಗಿ ಅಳಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ” ಎಂದರು. ನನಗೂ ಹಾಗೇ ಅನ್ನಿಸಿತು. ಆಸ್ತಿಯ ಆಸೆಯೋ, ಮನೆ ಬಿಟ್ಟು ಹೋದ ಮಗಳ ಮೇಲಿನ ಸಿಟ್ಟೋ, ತಾಯಿಯ ಬಾಯಿಂದ ಆ ಮಾತು ಬಂದಿತ್ತು. ಆದರೆ ಮಗಳು ಸುಮ್ಮನೆ ಹಿಂದಿರುಗಲಿಲ್ಲ ಎಂಬುದು ನನಗೆ ದೊಡ್ಡದಾಗಿ ಕಂಡಿತು. ನಮ್ಮಲ್ಲಿ ತವರಿನ ಬಾಗಿಲು ಮುಚ್ಚಿದಾಗ ಎಷ್ಟು ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡು ಬಸ್ಸು ಹತ್ತಿದ್ದಾರೆ!

ಕ್ವಿಬೆಕ್ ನಗರದಲ್ಲಿ ನಾವು ಪತ್ರಾಗಾರಕ್ಕೆ ಹೋದೆವು. ಲವಾಲ್ ವಿಶ್ವವಿದ್ಯಾಲಯದ ಆವರಣದಲ್ಲಿ ಚರ್ಚಿನಂತೆಯೇ ಕಾಣುವ ಕಟ್ಟಡದಲ್ಲಿ ಅದು ಇದೆ. ಅಲ್ಲಿ ಕುಳಿತ ಮೇಲೆಯೇ ಈ ನಾಡಿನಲ್ಲಿ ಅಜ್ಜಿಯರನ್ನು ಹುಡುಕುವುದು ಏಕೆ ಸಾಧ್ಯ ಎಂಬುದು ನನಗೆ ತಿಳಿದದ್ದು. ಬೀಗತಿ ಪರದೆಯ ಮೇಲೆ ಹಳೆಯ ದೀಕ್ಷಾಸ್ನಾನದ ಪುಟವೊಂದನ್ನು ತೆರೆದರು. ಕಂದುಬಣ್ಣಕ್ಕೆ ತಿರುಗಿದ ಶಾಯಿ, ಒತ್ತೊತ್ತಾದ ಸಾಲುಗಳು. ಸೆಪ್ಟೆಂಬರ್ ಎಂದು ಪೂರ್ತಿ ಬರೆಯದೆ ಪಾದ್ರಿ 7ರ ಅಂಕಿ ಹಾಕಿ ಬಾಲ ಸೇರಿಸಿದ್ದ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು. ಆಮೇಲೆ ತಾಯಿಯ ಹೆಸರು, ಅವಳ ತವರಿನ ಮನೆಹೆಸರಿನ ಸಮೇತ. ಕೊನೆಗೆ, ತಂದೆಗೆ ಸಹಿ ಮಾಡಲು ಬಾರದು ಎಂಬ ಟಿಪ್ಪಣಿ. ಹೆಬ್ಬೆಟ್ಟಿನವರ ಸಂಸಾರವನ್ನೂ ಈ ಪುಟ ಬಿಟ್ಟಿರಲಿಲ್ಲ.

ಫ್ರಾನ್ಸಿನಲ್ಲಿ 1539ರ ರಾಜಾಜ್ಞೆಯೊಂದು ಪಾದ್ರಿಗಳು ದೀಕ್ಷಾಸ್ನಾನಗಳನ್ನು ದಾಖಲಿಸಬೇಕೆಂದು ವಿಧಿಸಿತು. 1667ರ ಇನ್ನೊಂದು ಆಜ್ಞೆ ಪುಸ್ತಕವನ್ನು ಎರಡು ಪ್ರತಿ ಇಡಬೇಕೆಂದಿತು. ಆ ಕಾನೂನು ಹುಡುಗಿಯರ ಜೊತೆ ಹಡಗು ಹತ್ತಿ ಇಲ್ಲಿಗೂ ಬಂತು. ಮದುವೆಯಾದರೂ ಹೆಣ್ಣಿನ ಹುಟ್ಟುಹೆಸರನ್ನು ಪಾದ್ರಿಯಾಗಲಿ ನೋಟರಿಯಾಗಲಿ ಅಳಿಸಲಿಲ್ಲ. ಮರೀ ಕ್ಲೋದ್ ಶಾಮ್ವಾ ಫ್ರಿಗೋನನ ಹೆಂಡತಿಯಾದ ಮೇಲೂ ಕಾಗದದಲ್ಲಿ ಶಾಮ್ವಾ ಆಗಿಯೇ ಉಳಿದಳು. 1981ರಿಂದ ಕ್ವಿಬೆಕ್‌ನಲ್ಲಿ ಮದುವೆಯಾದ ಹೆಂಗಸು ತನ್ನ ಹುಟ್ಟುಹೆಸರಿನಲ್ಲೇ ವ್ಯವಹರಿಸಬೇಕೆಂಬ ಕಾನೂನೂ ಇದೆ. ನನ್ನ ಮಗಳು ಮದುವೆಯ ನಂತರ ನಮ್ಮ ಮನೆಹೆಸರನ್ನೇ ಉಳಿಸಿಕೊಂಡದ್ದು ಈ ಕಾನೂನಿನಿಂದಲೇ.

ಈ ಪುಸ್ತಕಗಳನ್ನು ಆಧಾರವಾಗಿಟ್ಟುಕೊಂಡು ಸಿಪ್ರಿಯಾನ್ ತಾಂಗೇ ಎಂಬ ಪಾದ್ರಿ 1871ರಿಂದ 1890ರ ನಡುವೆ ಏಳು ಸಂಪುಟಗಳ ವಂಶಾವಳಿ ಕೋಶ ತಂದರು. 1966ರಿಂದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಇಡೀ ಹಳೆಯ ಕ್ವಿಬೆಕ್‌ನ ಜನನ, ಮದುವೆ, ಮರಣಗಳನ್ನು ಒಂದಕ್ಕೊಂದು ಜೋಡಿಸುತ್ತ ಬಂದಿದ್ದಾರೆ. ಇದರ ಉಪಯೋಗ ಆಸ್ಪತ್ರೆಯ ತನಕ ಹೋಗಿದೆ. ಕಣ್ಣಿನ ನರವನ್ನು ಕೆಡಿಸುವ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಒಂದು ಕಾಯಿಲೆ ಫ್ರೆಂಚ್ ಕೆನಡಿಯನ್ನರಲ್ಲಿದೆ. ರೋಗಿಗಳ ತಾಯಿ, ತಾಯಿಯ ತಾಯಿ ಎಂದು ಹಿಂದಕ್ಕೆ ಹೋದ ಸಂಶೋಧಕರು 1669ರಲ್ಲಿ ಕ್ವಿಬೆಕ್‌ನಲ್ಲಿ ಮದುವೆಯಾದ ಅರಸನ ಹೆಣ್ಣುಮಗಳೊಬ್ಬಳ ಬಳಿ ಬಂದು ನಿಂತರು. ಮಗಳಿಂದ ತಾಯಿಗೆ ಏರುವ ಆ ಮೆಟ್ಟಿಲುಗಳಲ್ಲಿ ಒಂದೂ ಮುರಿದಿರಲಿಲ್ಲ. ತವರಿನ ಹೆಸರು ಉಳಿಯದಿದ್ದರೆ ಆ ಹುಡುಕಾಟ ಎರಡನೇ ಮೆಟ್ಟಿಲಲ್ಲೇ ನಿಲ್ಲುತ್ತಿತ್ತು.

ಆದರೆ ಇದೇ ಪುಸ್ತಕಗಳು ಎಲ್ಲರನ್ನೂ ಹೀಗೆ ಕಾಪಾಡಲಿಲ್ಲ. ಬಾತಿಸ್ಕಾನ್ ಎಂಬ ಹೆಸರು ಫ್ರೆಂಚರದಲ್ಲ. ಆ ಹೆಸರಿನ ಮೂಲನಿವಾಸಿ ಮುಖಂಡನೊಬ್ಬ ಫ್ರೆಂಚ್ ಅನ್ವೇಷಕ ಶಾಂಪ್ಲೇನನ ಬರಹಗಳಲ್ಲಿ ಬರುತ್ತಾನೆ. ಅರಸ ಹಂಚಿಕೊಟ್ಟ ನೆಲದಲ್ಲಿ ಅವನ ಜನ ಮೊದಲೇ ಬದುಕಿದ್ದರು. ಹುಡುಗಿಯರನ್ನು ಮದುವೆಯಾದ ಸಿಪಾಯಿಗಳ ದಂಡು 1666ರಲ್ಲಿ ಮೊಹಾಕ್ ಜನರ ಹಳ್ಳಿಗಳನ್ನೂ, ಚಳಿಗಾಲಕ್ಕೆ ಕೂಡಿಟ್ಟ ಗೋವಿನಜೋಳವನ್ನೂ ಸುಟ್ಟು ಬಂದಿತ್ತು. ಈ ವಸಾಹತಿನಲ್ಲಿ ಗುಲಾಮರೂ ಇದ್ದರು. ಇತಿಹಾಸಕಾರ ಮಾರ್ಸೆಲ್ ತ್ರುದೆಲ್ ದಾಖಲೆಗಳಿಂದ ಸುಮಾರು 4,200 ಮಂದಿಯನ್ನು ಹುಡುಕಿ ತೆಗೆದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮೂಲನಿವಾಸಿಗಳು, ಉಳಿದವರು ಆಫ್ರಿಕಾ ಮೂಲದವರು. ಚರ್ಚಿನ ಪುಸ್ತಕದಲ್ಲಿ ಗುಲಾಮ ಹುಡುಗಿಯ ಸಾಲು ಬಂದಾಗ ಪಾದ್ರಿ ಅವಳಿಗೆ ಒಂದು ಕ್ರೈಸ್ತ ಹೆಸರು ಇಟ್ಟು, ಒಡೆಯನ ಹೆಸರು ಬರೆದು ಮುಂದೆ ಹೋಗಿದ್ದಾನೆ. ತಂದೆ ತಾಯಿಯ ಜಾಗ ಖಾಲಿ.

ಬೀಗತಿ ಇದನ್ನು ಮುಚ್ಚಿಡಲಿಲ್ಲ. “ನನ್ನ ಅಜ್ಜಿಯ ಹೆಸರು ಉಳಿದದ್ದು ಅವಳು ಅರಸನ ಕೆಲಸಕ್ಕೆ ಬೇಕಾದವಳಾಗಿದ್ದರಿಂದ” ಎಂದರು. ಒಂದು ಕಾಲಕ್ಕೆ ಪರರ ಆಳ್ವಿಕೆ ಕಂಡ ದೇಶದಿಂದ ಬಂದ ನನಗೆ ಆ ಮಾತು ಸಮಾಧಾನ ಕೊಟ್ಟಿತು. ಮರೀ ಕ್ಲೋದ್ ಕಡಲಾಚೆ ರವಾನೆಯಾದ ಅನಾಥಾಲಯದ ಹುಡುಗಿ, ನಿಜ. ಅವಳನ್ನು ಇಳಿಸಿದ ನೆಲ ಇನ್ನೊಬ್ಬರದು, ಅದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಅಜ್ಜಿಯ ಕತೆಯಾಗುವುದಿಲ್ಲ, ಬರೀ ಹೊಗಳಿಕೆಯಾಗುತ್ತದೆ.

ನಾನು ಊರಿಗೆ ಮರಳುವಾಗ ಪ್ಯಾರಿಸ್ ಮೂಲಕ ಬರುವುದಿತ್ತು. ಬೀಗತಿಯೂ ಅಲ್ಲಿಯ ತನಕ ಜೊತೆಗೆ ಬಂದರು. ಮರೀ ಕ್ಲೋದ್ ಇದ್ದ ಸಾಲ್ಪೆತ್ರಿಯೇರ್ ನೋಡಲು ಹೋದೆವು. ಅದು ಈಗ ಪ್ಯಾರಿಸ್‌ನ ದೊಡ್ಡ ಆಸ್ಪತ್ರೆಗಳಲ್ಲಿ ಒಂದು.  ಮೊದಲು ಸಿಡಿಮದ್ದಿನ ಕಾರ್ಖಾನೆಯಾಗಿದ್ದ ಜಾಗವಿದು. 1656ರಲ್ಲಿ ಅರಸ ಇದನ್ನು ಬಡವರನ್ನು ಕೂಡಿಹಾಕುವ ಆಲಯವಾಗಿ ಮಾಡಿದ. ಭಿಕ್ಷುಕಿಯರು, ಮುದುಕಿಯರು, ಬುದ್ಧಿ ಸ್ಥಿಮಿತ ತಪ್ಪಿದವರು, ಅನಾಥ ಹುಡುಗಿಯರು ಎಲ್ಲರೂ ಒಂದೇ ಪ್ರಾಕಾರದೊಳಗೆ. ಕೆನಡಾಕ್ಕೆ ಹೋದ ಹುಡುಗಿಯರಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಂದ ಹೊರಟವರು. ನಡುವೆ ಎಂಟು ಮೂಲೆಯ ಗುಮ್ಮಟದ ಪ್ರಾರ್ಥನಾಮಂದಿರವಿದೆ. ಗುಮ್ಮಟದ ಸುತ್ತ ಬೇರೆ ಬೇರೆ ಅಂಕಣಗಳು. ಒಳಗಿದ್ದವರನ್ನು ವರ್ಗ ವರ್ಗವಾಗಿ ಬೇರ್ಪಡಿಸಿ ಕೂರಿಸಲು ಹಾಗೆ ಕಟ್ಟಿದ್ದು. ಅದು ಪೂರ್ತಿಯಾಗುವ ಹೊತ್ತಿಗೆ ಮರೀ ಕ್ಲೋದ್ ಬಾತಿಸ್ಕಾನ್‌ನಲ್ಲಿ ಮಕ್ಕಳ ತಾಯಿ. ಅಂಗಳದಲ್ಲಿ ಬಿಳಿ ಕೋಟಿನ ವೈದ್ಯ ವಿದ್ಯಾರ್ಥಿನಿಯರು ಕಾಫಿ ಲೋಟ ಹಿಡಿದು ಅವಸರದಲ್ಲಿ ನಡೆಯುತ್ತಿದ್ದರು.

ಮರೀ ಕ್ಲೋದ್‌ಳ ದೀಕ್ಷಾಸ್ನಾನದ ಪುಟವನ್ನು ಪ್ಯಾರಿಸ್‌ನಲ್ಲಿ ನೋಡುವ ಆಸೆ ನನಗಿತ್ತು. ಅದು ಆಗದ ಮಾತು ಎಂದು ಬೀಗತಿ ವಿವರಿಸಿದರು. 1871ರ ಮೇ ತಿಂಗಳಲ್ಲಿ, ಪ್ಯಾರಿಸ್ ಕಮ್ಯೂನಿನ ದಂಗೆಯ ಕೊನೆಯ ದಿನಗಳಲ್ಲಿ, ನಗರಭವನಕ್ಕೂ ನ್ಯಾಯಾಲಯಕ್ಕೂ ಬೆಂಕಿ ಬಿತ್ತು. ನಗರದ ಜನನ ಮರಣ ಪುಸ್ತಕಗಳ ಎರಡೂ ಪ್ರತಿಗಳು ಬೂದಿಯಾದವು. ಒಂದು ಹೋದರೆ ಇನ್ನೊಂದಿರಲಿ ಎಂದು 1667ರಲ್ಲಿ ಮಾಡಿದ ಏರ್ಪಾಡು ಆ ವಾರ ಕೈಕೊಟ್ಟಿತು. ಪ್ಯಾರಿಸ್‌ನಲ್ಲಿ ಹುಟ್ಟಿದ ಅರಸನ ಹೆಣ್ಣುಮಕ್ಕಳ ಬೇರು ಹೆಚ್ಚಿನಂಶ ಅಲ್ಲಿಯೇ ಕಡಿದುಹೋಗುತ್ತದೆ.

ಮರೀ ಕ್ಲೋದ್‌ಳ ಬಾಲ್ಯ ಮಾತ್ರ ಉಳಿಯಿತು. ತಾಯಿ ಅಲ್ಲವೆಂದದ್ದರಿಂದ ಮೊಕದ್ದಮೆ ನಡೆಯಿತು; ಮೊಕದ್ದಮೆ ನಡೆದದ್ದರಿಂದ ಅವಳು ಎಲ್ಲಿ ಹುಟ್ಟಿದಳು, ಯಾವಾಗ ಮನೆ ಬಿಟ್ಟಳು, ಯಾವ ಆಲಯದಲ್ಲಿದ್ದಳು ಎಂಬುದೆಲ್ಲ ವಕೀಲನ ವಾದದಲ್ಲಿ ಸೇರಿ ಅಚ್ಚಾಯಿತು. ತಾಯಿ ಬಾಗಿಲು ತೆರೆದು ಒಳಗೆ ಕರೆದಿದ್ದರೆ ನಮಗೆ ಇಷ್ಟು ತಿಳಿಯುತ್ತಿರಲಿಲ್ಲ. ಅವಳು ಕೇಳಿದ್ದು ತನ್ನ ಪಾಲು. ಅದರ ಜೊತೆಗೆ ಮುನ್ನೂರು ವರ್ಷದಾಚೆಯ ಮೊಮ್ಮಕ್ಕಳಿಗೆ ತನ್ನನ್ನೂ ಕೊಟ್ಟು ಹೋದಳು.

ವಿಮಾನದಲ್ಲಿ ಕುಳಿತು ನಮ್ಮ ಕಡೆಯ ವಂಶಾವಳಿ ಬರೆಯಲು ತೊಡಗಿದೆ, ಮೊಮ್ಮಗಳಿಗೆ ಎರಡೂ ಬೇರು ಗೊತ್ತಿರಲಿ ಎಂದು. ನಾವು ಧಾರವಾಡದ ಕಡೆಯವರು. ಅಪ್ಪನ ಮನೆಯ ಗಂಡಸರ ಹೆಸರು ಏಳೆಂಟು ತಲೆಮಾರು ಸಲೀಸಾಗಿ ಬಂತು. ನಮ್ಮ ಸೀಮೆಯಲ್ಲಿ ಹೆಳವರು ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಮನೆತನದ ಮೂಲಪುರುಷನಿಂದ ಹಿಡಿದು ಹೇಳುತ್ತಿದ್ದರು. ಅವರ ನಾಲಗೆಯ ಮೇಲೆ ಎಷ್ಟೋ ಮನೆತನಗಳ ಚರಿತ್ರೆ ಉಳಿದಿದೆ. ಆದರೆ ಅವರನ್ನು ಸಾಕಿದ ಮನೆಗಳು ಕೇಳಿದ್ದು ಹೆಚ್ಚಾಗಿ ಗಂಡುಸಂತಾನದ ಎಳೆ. ಹೆಂಗಸರ ಕಡೆಗೆ ಬಂದರೆ ಅಜ್ಜಿಯ ಹೆಸರು ಗೊತ್ತು. ಅದೂ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಬರೆದು ಇಟ್ಟ ಹೆಸರು. ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೆಂದು ಅವಳೇ ಒಮ್ಮೆ ಹೇಳಿದ್ದರಿಂದ ನನಗೆ ಗೊತ್ತಾಯಿತು. ಅವಳ ತಾಯಿಯ ಹೆಸರು ನನ್ನ ತಾಯಿಗೆ ಗೊತ್ತಿತ್ತು. ಅದರ ಆಚೆ ಹಾಳೆ ಖಾಲಿ. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಮೂರು ತಲೆಮಾರಿನ ಹೆಂಗಸರ ಹೆಸರು ಹೇಳಿ ಎಳ್ಳುನೀರು ಬಿಡುತ್ತೇವೆ. ನಾಲ್ಕನೆಯವಳು ಪಟ್ಟಿಯಿಂದ ಹೊರಗೆ.

ನಮ್ಮಲ್ಲಿ ಹೆಣ್ಣಿನ ಹೆಸರು ಕಾಗದಕ್ಕೆ ಏರುತ್ತಿರುವುದು ಈಚೆಗೆ. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಅಂದಿನಿಂದ ವಂಶವೃಕ್ಷ ಬರೆಸಲು ಹೋದಾಗ ಹೆಣ್ಣುಮಕ್ಕಳ ಹೆಸರನ್ನು ಬಿಡುವಂತಿಲ್ಲ. ಬಿಟ್ಟರೆ ಅವಳು ಕೇಳಬಹುದು, ಕೇಳುತ್ತಿದ್ದಾಳೆ. ಮರೀ ಕ್ಲೋದ್ ಪ್ಯಾರಿಸ್‌ನ ನ್ಯಾಯಾಲಯದಲ್ಲಿ ಕೇಳಿದ್ದೂ ಇದನ್ನೇ: ನಾನು ಇಂಥವರ ಮಗಳು ಎಂದು ಬರೆದುಕೊಳ್ಳಿ. ಆಸ್ತಿಯ ಪ್ರಶ್ನೆ ಅದರ ನಂತರದ್ದು.

ಆದ್ದರಿಂದ ಇದನ್ನು ಓದುವ ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ, ಬಳಗದಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಂಗಸು ಯಾರೋ ಅವರ ಹತ್ತಿರ ಒಂದು ಸಂಜೆ ಕುಳಿತುಕೊಳ್ಳಿ. ಅವರ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಮದುವೆಗೆ ಮುಂಚಿನ ಹೆಸರು, ಹುಟ್ಟಿದ ಊರು, ಯಾವ ಮನೆಯಿಂದ ಯಾವ ಮನೆಗೆ ಬಂದರು, ಎಷ್ಟು ಮಕ್ಕಳನ್ನು ಹೆತ್ತರು, ಎಷ್ಟನ್ನು ಕಳೆದುಕೊಂಡರು, ಇದೆಲ್ಲವನ್ನೂ ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ಎರಡು ಪ್ರತಿ ಮಾಡಿ ಎರಡು ಬೇರೆ ಮನೆಗಳಲ್ಲಿ ಇಡಿ. ಈ ಕೆಲಸವನ್ನು ಮುಂದಿನ ಹಬ್ಬಕ್ಕೆ, ಮುಂದಿನ ರಜೆಗೆ ಎಂದು ತಳ್ಳಬೇಡಿ. ಹೇಳಬಲ್ಲ ಅಜ್ಜಿ ಇರುವಾಗಲೇ ಆಗಬೇಕಾದ ಕೆಲಸ ಇದು.